ದಣಿದ ಬೆಟ್ಟಕ್ಕೆ ಐದು ವರ್ಷ ರಜೆ

ಚೀನ ದೇಶದ ಪ್ರೇಕ್ಷಣೀಯ ಸ್ಥಳ ಯಾವುದೆಂದು ಇಲ್ಲಿನ ವಿದ್ಯಾರ್ಥಿಗಳನ್ನು ಕೇಳಿದರೆ ಮಹಾಗೋಡೆ ಎಂಬ ಉತ್ತರ ತಟ್ಟನೆ ಬರುತ್ತದೆ. ಆದರೆ ಅಲ್ಲಿನವರೇ ರಜೆ ಸಿಕ್ಕಿದಾಗ ಹೋಗಬಯಸುವ ಜಾಗಗಳಲ್ಲಿ ಆನ್‌ಹುಯಿ ಪ್ರಾಂತದ ಹ್ವಾಂಗ್‌ಷಾನ್ ಕೂಡ ಒಂದು. ಹ್ವಾಂಗ್‌ಷಾನ್ ಎಂದರೆ ಹಳದಿ ಬೆಟ್ಟ. ಬೆಟ್ಟದ ಬಣ್ಣವೇನೂ ಹಳದಿಯಲ್ಲ. ಹಳದಿ ಚಕ್ರವರ್ತಿ ಎಂಬ ಪುರಾಣಪುರುಷನ ಹೆಸರು ಅದಕ್ಕೆ ಅಂಟಿಕೊಂಡಿದೆ. ಬೋಳು ಗ್ರಾನೈಟ್ ಶಿಖರಗಳು, ಬಂಡೆಯ ಬಿರುಕಿನಲ್ಲೇ ಬೇರೂರಿದ ಪೈನ್ ಮರಗಳು, ಕಾಲ ಕೆಳಗೆ ಸರಿಯುವ ಮೋಡಗಳು. 1979ರಲ್ಲಿ ಚೀನದ ನಾಯಕ ಡೆಂಗ್ ಷಿಯಾವೊಪಿಂಗ್ ಎಪ್ಪತ್ತೈದರ ಹೊಸ್ತಿಲಲ್ಲಿ ಈ ಬೆಟ್ಟವನ್ನೇರಿ, ಇದನ್ನು ಪ್ರವಾಸಿಗಳಿಗಾಗಿ ಬೆಳೆಸಬೇಕೆಂದರು. ಅಲ್ಲಿಂದ ಮುಂದೆ ಜನಪ್ರವಾಹ ನಿಂತಿಲ್ಲ. 1990ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು.

ಹ್ವಾಂಗ್‌ಷಾನ್‌ನ ಅತಿ ಎತ್ತರದ ಕಮಲ ಶಿಖರ 1864 ಮೀಟರ್. ಸುಬ್ರಹ್ಮಣ್ಯದ ನೆತ್ತಿಯ ಮೇಲೆ ನಿಂತಿರುವ ಕುಮಾರ ಪರ್ವತ 1712 ಮೀಟರ್. ವ್ಯತ್ಯಾಸ ಬರೀ 152 ಮೀಟರ್. ಅದಕ್ಕೆ ಹಳದಿ ಚಕ್ರವರ್ತಿಯಾದರೆ ಇದಕ್ಕೆ ತಾರಕನನ್ನು ಕೊಂದು ಆಯುಧ ತೊಳೆದ ಕುಮಾರಸ್ವಾಮಿ. ಇದೂ ಸಾಮಾನ್ಯ ಬೆಟ್ಟವಲ್ಲ. ಇದನ್ನು ಒಳಗೊಂಡ ಪುಷ್ಪಗಿರಿ ವನ್ಯಧಾಮ 2012ರಲ್ಲಿ ಪಶ್ಚಿಮ ಘಟ್ಟದ ಇತರ ಕಾಡುಗಳೊಂದಿಗೆ ಅದೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಹ್ವಾಂಗ್‌ಷಾನ್‌ನಿಂದ ಕಲಿಯಬೇಕಾದದ್ದು ಅಲ್ಲಿನ ಕಲ್ಲಿನ ಮೆಟ್ಟಿಲುಗಳನ್ನಾಗಲಿ, ಕೇಬಲ್ ಕಾರನ್ನಾಗಲಿ ಅಲ್ಲ. ಅಲ್ಲಿನ ಆಡಳಿತ 1980ರ ದಶಕದಿಂದ ಒಂದು ಪದ್ಧತಿಯನ್ನು ಪಾಲಿಸಿಕೊಂಡು ಬಂದಿದೆ. ಕಮಲ ಶಿಖರವನ್ನೂ ಹತ್ತಿರದ ತ್ಯಾನ್‌ದು ಶಿಖರವನ್ನೂ ಸರದಿಯಂತೆ ಮುಚ್ಚುತ್ತಾರೆ. ಒಂದು ತೆರೆದಿರುವಾಗ ಇನ್ನೊಂದಕ್ಕೆ ಸುಮಾರು ಐದು ವರ್ಷ ರಜೆ. ಎಷ್ಟು ದೂರದಿಂದ ಬಂದವರಾದರೂ ಮುಚ್ಚಿದ ಶಿಖರವನ್ನು ಕೆಳಗಿನಿಂದಲೇ ನೋಡಿ ಹೋಗಬೇಕು. ಗದ್ದೆಯನ್ನು ಒಂದು ಬೆಳೆಯ ಕಾಲ ಪಾಳು ಬಿಡುವ ಬೇಸಾಯಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಮಾರ ಪರ್ವತಕ್ಕೆ ಅಂಥ ಪುಣ್ಯ ಬಂದದ್ದು ತಡವಾಗಿ, ಅದೂ ಅರ್ಧ. 2024ರ ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ಮೂರು ದಿನಗಳ ರಜೆಯೆಂದು ಸಾವಿರಾರು ಮಂದಿ ಒಮ್ಮೆಗೇ ಬೆಟ್ಟಕ್ಕೆ ನುಗ್ಗಿದರು. ಕಾಡುದಾರಿಯಲ್ಲಿ ಜಾತ್ರೆಯ ಸಾಲಿನಂತೆ ಜನ ನಿಂತಿದ್ದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅನಂತರ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿ, ಮುಂಗಡ ಆನ್‌ಲೈನ್ ನೋಂದಣಿ ಮಾಡಿಸಿದವರಿಗೆ ಮಾತ್ರ ಪ್ರವೇಶ, ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಕಟ್ಟು ತಂದಿತು. ಒಳ್ಳೆಯದೇ. ಆದರೆ ಮಿತಿ ಬೇರೆ, ವಿಶ್ರಾಂತಿ ಬೇರೆ.

ಮನುಷ್ಯನ ಪಾದ ಬೆಟ್ಟಕ್ಕೆ ಏನು ಮಾಡೀತು ಎಂದು ಕೇಳುವವರಿದ್ದಾರೆ. ಅಡಿಕೆ ಒಣಗಿಸುವ ಅಂಗಳವನ್ನು ಮಳೆಗಾಲ ಕಳೆದ ಮೇಲೆ ಬಡಿದು ಗಟ್ಟಿ ಮಾಡುವುದನ್ನು ಪುತ್ತೂರು, ಸುಳ್ಯ, ಕಡಬದ ಮಕ್ಕಳೆಲ್ಲ ಕಂಡಿರುತ್ತಾರೆ. ಬಡಿದ ಅಂಗಳದ ಮೇಲೆ ನೀರು ಚೆಲ್ಲಿದರೆ ಹರಿದು ಹೋಗುತ್ತದೆ. ಪಕ್ಕದ ತೋಟದಲ್ಲಿ ಚೆಲ್ಲಿದರೆ ಅಲ್ಲೇ ಇಂಗುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿಗೂ ನೀರಿಗೂ ಇರುವ ಸೂಕ್ಷ್ಮ ತೆರಪುಗಳು ಒತ್ತಡಕ್ಕೆ ಮುಚ್ಚಿಹೋಗುವುದೇ ಕಾರಣ. ಸಾವಿರಾರು ಬೂಟುಗಳು ತುಳಿದ ಹುಲ್ಲುಗಾವಲಿನ ದಾರಿಯೂ ಇಂಥದೇ ಅಂಗಳ, ಆದರೆ ಇಳಿಜಾರಿನಲ್ಲಿರುವ ಅಂಗಳ. ಇಂಗದ ನೀರು ಓಡುತ್ತದೆ, ಓಡುವ ನೀರು ಮಣ್ಣು ಕೊಚ್ಚುತ್ತದೆ, ದಾರಿ ಕೊರಕಲಾಗುತ್ತದೆ. ಕೊರಕಲು ತಪ್ಪಿಸಲು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಒಂದು ದಾರಿ ಮೂರಾಗುತ್ತದೆ. ತುಳಿಯುವುದು ನಿಂತರೆ ಹುಲ್ಲಿನ ಬೇರು, ಎರೆಹುಳು, ಗೆದ್ದಲು ಸೇರಿ ಆ ತೆರಪುಗಳನ್ನು ಮತ್ತೆ ತೆರೆಯುತ್ತವೆ. ಅದಕ್ಕೆ ವಾರ, ತಿಂಗಳು ಸಾಲದು, ವರ್ಷಗಳು ಬೇಕು.

ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ತಳ ಕತ್ತರಿಸಿದ ಹಾಲಿನ ಪುಡಿಯ ಡಬ್ಬಿಯನ್ನು ಆಟದ ಬಯಲಿನಲ್ಲಿ ಎರಡು ಇಂಚು ನೆಲಕ್ಕೊತ್ತಿ, ಒಂದು ಲೋಟ ನೀರು ಹೊಯ್ದು, ಇಂಗಲು ಹಿಡಿಯುವ ಸಮಯವನ್ನು ಬರೆದುಕೊಳ್ಳಬೇಕು. ಅನಂತರ ಹಲಸಿನ ಮರದ ಬುಡದಲ್ಲಿ, ತರಗೆಲೆ ಸರಿಸಿ ಅದೇ ಡಬ್ಬಿ, ಅಷ್ಟೇ ನೀರು. ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಬೆಟ್ಟದ ಪಾಠ ಅರ್ಧ ಮುಗಿದಂತೆ.

ಶಿಖರಕ್ಕೆ ಎರಡು ದಾರಿಗಳಿವೆ: ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೂಲಕ ಒಂದು, ಸೋಮವಾರಪೇಟೆ ಕಡೆಯ ಬೀಡಳ್ಳಿಯಿಂದ ಇನ್ನೊಂದು. ಇವುಗಳನ್ನೇ ಹ್ವಾಂಗ್‌ಷಾನ್‌ನ ಕ್ರಮದಲ್ಲಿ ಸರದಿಯಂತೆ ಮುಚ್ಚಿದರೆ ಬೆಟ್ಟ ಹತ್ತುವ ಆಸೆಗೂ ಅಡ್ಡಿಯಿಲ್ಲ, ಮಣ್ಣಿಗೂ ಉಸಿರು ಸಿಗುತ್ತದೆ. ಮುಚ್ಚಿದ ಕಡೆಯವರ ಹೊಟ್ಟೆಪಾಡು ಏನಾಗಬೇಕೆಂಬ ಪ್ರಶ್ನೆ ಸಣ್ಣದಲ್ಲ. ಸುಬ್ರಹ್ಮಣ್ಯಕ್ಕೆ ಬರುವವರಲ್ಲಿ ಬಹುಪಾಲು ದೇವರ ದರ್ಶನಕ್ಕೆ ಬರುವವರಾದ್ದರಿಂದ ಅಲ್ಲಿ ಹೊಡೆತ ಕಡಿಮೆ. ಬೀಡಳ್ಳಿಯ ಬದಿಯಲ್ಲಿ ಹೆಚ್ಚು. ಅಲ್ಲಿನವರನ್ನು ಕೇಳದೆ ಹಾಕುವ ಗೇಟು ಬಹಳ ದಿನ ನಿಲ್ಲಲಾರದು.

ಹತ್ತುವ ಮಕ್ಕಳಿಗೆ ಒಂದು ಲೆಕ್ಕ. ಸುಬ್ರಹ್ಮಣ್ಯದಿಂದ ಶಿಖರಕ್ಕೆ ದಾರಿ ಸುಮಾರು 13 ಕಿಲೋಮೀಟರ್, ಏರು ಸುಮಾರು 1600 ಮೀಟರ್. ಒಂದು ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ತಾಪ ಇಳಿಯುವುದರಿಂದ ಮೇಲೆ ಹತ್ತು ಡಿಗ್ರಿ ತಂಪು. ಐವತ್ತು ಕಿಲೋ ತೂಕದ ಹುಡುಗನನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 7,84,000 ಜೂಲ್, ಅಂದರೆ ಸುಮಾರು 187 ಕಿಲೋ ಕ್ಯಾಲೊರಿ. ದೇಹವೆಂಬ ಯಂತ್ರದ ದಕ್ಷತೆ ಕಾಲು ಭಾಗವನ್ನೂ ಮೀರದ ಕಾರಣ ಖರ್ಚಾಗುವುದು ಅದರ ನಾಲ್ಕೈದು ಪಟ್ಟು. ಬುತ್ತಿ ಕಟ್ಟಿಕೊಡುವ ತಾಯಂದಿರಿಗೆ ಈ ಅಂಕಿ ಸಾಕು. ಜಿಗಣೆಗೆ ಉಪ್ಪು ಕಟ್ಟಿಕೊಡುವುದೂ ಅವರಿಗೆ ಗೊತ್ತು.

ಬೆಟ್ಟ ಹತ್ತಲಾಗದವರು ಅದರ ನೀರಿನ ಜಾಡು ಹಿಡಿದು ಕೆಳಗಿಳಿಯಬಹುದು. ಕೊಡಗಿನ ಬದಿಯಲ್ಲಿ ಮಲ್ಲಳ್ಳಿ ಜಲಪಾತವಾಗಿ ಧುಮುಕುವ ಕುಮಾರಧಾರೆಯೇ ಸುಬ್ರಹ್ಮಣ್ಯದ ಸ್ನಾನಘಟ್ಟ ದಾಟಿ, ಕಡಬ ತಾಲೂಕಿನ ಊರುಗಳನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. (ಸುಬ್ರಹ್ಮಣ್ಯ ಹಿಂದೆ ಸುಳ್ಯ ತಾಲೂಕಿನಲ್ಲಿತ್ತು, ಹಳೆಯ ಪಠ್ಯ ಇಟ್ಟುಕೊಂಡವರು ತಿದ್ದಿಕೊಳ್ಳಬೇಕು.) ಸಂಗಮದ ದಡದಲ್ಲಿ ಸಹಸ್ರಲಿಂಗೇಶ್ವರ ದೇವಾಲಯ. ನದಿಯ ಮರಳಿನೊಳಗಿರುವ ಲಿಂಗ ನೀರು ಇಳಿದ ಮೇಲೆ ಕಾಣಿಸಿಕೊಂಡು, ಮಖೆ ಜಾತ್ರೆಯ ಹೊತ್ತಿಗೆ ಪೂಜೆಗೊಳ್ಳುತ್ತದೆ. ಇದೇ ಉಪ್ಪಿನಂಗಡಿ 1923ರಲ್ಲೂ 1974ರಲ್ಲೂ ಮಹಾನೆರೆಯನ್ನು ಕಂಡಿದೆ. ಒಂದು ಕಾಲುದಾರಿಯಿಂದ ನೆರೆ ಬರುವುದಿಲ್ಲ, ನಿಜ. ಆದರೆ ಬೆಟ್ಟದಲ್ಲಿ ಇಂಗಿದ ಪ್ರತಿ ಲೋಟ ನೀರೂ ಫೆಬ್ರವರಿ, ಮಾರ್ಚ್‌ನಲ್ಲಿ ಈ ಮರಳಿನ ನಡುವೆ ಹರಿಯುವ ನೀರೇ ಆಗಿದೆ.

ಸುಳ್ಯದ ಕಡೆಗೆ ಹೋಗುವವರು ಅರಂತೋಡಿನಿಂದ ಒಳಗಿರುವ ತೊಡಿಕಾನಕ್ಕೆ ಹೋಗಬಹುದು. ಮಲ್ಲಿಕಾರ್ಜುನ ದೇವಾಲಯದ ಬಳಿಯ ಹೊಳೆಯಲ್ಲಿ ದೇವರ ಮೀನುಗಳಿವೆ, ಯಾರೂ ಹಿಡಿಯುವುದಿಲ್ಲ. ಸರಕಾರದ ಅಧಿಸೂಚನೆ, ಫಲಕ ಯಾವುದೂ ಇಲ್ಲದ ಕಾಲದಿಂದ ನಡೆದುಬಂದ ಸಂರಕ್ಷಣೆ ಇದು. ಹರಕೆಯ ಅಕ್ಕಿಯನ್ನು ಚೀಲಗಟ್ಟಲೆ ಸುರಿಯುವ ಬದಲು ಹಿಡಿಯಷ್ಟು ಹಾಕಿದರೆ ಮೀನಿಗೂ ಹೊಳೆಗೂ ಒಳ್ಳೆಯದು. ತಿನ್ನದೆ ಉಳಿದದ್ದು ಕೊಳೆತು ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಅಲ್ಲಿಂದ ಮುಂದೆ ದೇವರಗುಂಡಿ ಜಲಪಾತ. ಗುಂಡಿ ಎಂದು ಹಿರಿಯರು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಕ್ಕಳು ನೀರಿಗಿಳಿಯದಂತೆ ಜತೆಯವರು ನೋಡಿಕೊಳ್ಳಬೇಕು.

ಪುತ್ತೂರಿನಲ್ಲಿ ಮಹಲಿಂಗೇಶ್ವರ ದೇವಾಲಯವನ್ನು ನೋಡದೆ ಯಾರೂ ಹಿಂದಿರುಗುವುದಿಲ್ಲ. ಪರ್ಲಡ್ಕದ ಬಾಲವನವನ್ನು ನೋಡದೆ ಹಿಂದಿರುಗುವವರು ಬಹಳ. ಶಿವರಾಮ ಕಾರಂತರು ಬಾಳಿದ ಮನೆ ಅಲ್ಲಿದೆ. ಕುಮಾರ ಪರ್ವತದ ತಪ್ಪಲಿನ ಬದುಕನ್ನೇ ‘ಬೆಟ್ಟದ ಜೀವ’ವಾಗಿಸಿದ, ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಬರೆದ ಲೇಖಕರ ಅಂಗಳದಲ್ಲಿ ಒಂದು ಗಂಟೆ ಕಳೆಯಲು ಶಾಲಾ ಪ್ರವಾಸದ ಬಸ್ಸಿಗೆ ಬಿಡುವಿರಬೇಕು.

ಇನ್ನು ಇರ್ದೆಯ ಬೆಂದ್ರ್ ತೀರ್ಥ. ಬೆಂದ್ರ್ ಎಂದರೆ ತುಳುವಿನಲ್ಲಿ ಬಿಸಿನೀರು. ಸೀರೆ ಹೊಳೆಯ ಬದಿಯ ಈ ಚಿಲುಮೆಯ ತಾಪ 99ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಎಂದು ಹಿಂದಿನಿಂದ ಬರೆಯುತ್ತ ಬಂದಿದ್ದಾರೆ, ಅಂದರೆ 37ರಿಂದ 41 ಸೆಲ್ಸಿಯಸ್. ಚೀನದ ಷಿಯಾನ್ ಬಳಿ ತಾಂಗ್ ಚಕ್ರವರ್ತಿಗಳು ಮೀಯುತ್ತಿದ್ದ, ಇಂದಿಗೂ ಪ್ರವಾಸಿಗಳು ಮುತ್ತುವ ಹ್ವಾಚಿಂಗ್ ಕೊಳದ ನೀರು 43 ಡಿಗ್ರಿ. ಇರ್ದೆಯದು ಅದಕ್ಕಿಂತ ತುಸುವೇ ತಣ್ಣಗೆ. ಇಲ್ಲಿ ಜ್ವಾಲಾಮುಖಿಯಿಲ್ಲ, ಗಂಧಕ ಉರಿಯುವುದೂ ಇಲ್ಲ. ಭೂಮಿಯೊಳಕ್ಕೆ ಹೋದಂತೆ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ತಾಪ ಏರುತ್ತದೆ. ಮಳೆನೀರು ಬಂಡೆಯ ಬಿರುಕಿನಲ್ಲಿ ಸುಮಾರು ಅರ್ಧ ಕಿಲೋಮೀಟರ್ ಆಳಕ್ಕಿಳಿದು, ತಣಿಯುವ ಮೊದಲೇ ಇನ್ನೊಂದು ಬಿರುಕಿನಿಂದ ಮೇಲೆ ಬಂದರೆ ಇಷ್ಟು ಬಿಸಿ ಸಾಕಾಗುತ್ತದೆ. ಆ ಬಿರುಕನ್ನು ಎಲ್ಲಾದರೂ ಆಳದ ಕೊಳವೆಬಾವಿ ತುಂಡರಿಸಿತೆಂದರೆ ಚಿಲುಮೆಗೆ ಬರಬೇಕಾದ ನೀರು ಪಂಪಿನ ಪಾಲು; ಬಿಸಿಯೂ ಅದರೊಂದಿಗೇ ಹೋಯಿತು. ಬೆಟ್ಟದ ಗಾಯ ಕಣ್ಣಿಗೆ ಬೀಳುತ್ತದೆ, ಈ ಗಾಯ ಥರ್ಮಾಮೀಟರಿಗೆ ಮಾತ್ರ ಬೀಳುತ್ತದೆ. ಪ್ರಯೋಗಶಾಲೆಯ ಥರ್ಮಾಮೀಟರ್ ಒಂದನ್ನು ಕೊಂಡೊಯ್ದು, ಬುಗ್ಗೆ ಏಳುವ ಜಾಗದಲ್ಲೇ ಅದ್ದಿ, ತಾರೀಕು ಹಾಕಿ ಬರೆದಿಡಬೇಕು. ಮಳೆಗಾಲ ಮುಗಿದಾಗ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಪುತ್ತೂರಿನಿಂದ ಪಾಣಾಜೆ ಕಡೆಗೆ ಹೋಗುವ ಬಸ್ಸು ಇರ್ದೆಯಲ್ಲಿ ನಿಲ್ಲುತ್ತದೆ.