ಹೊಸ ಮಿದುಳು, ಹಳೆಯ ಬರಹ

ಕಂಪ್ಯೂಟರಿನ ಮಿದುಳೆನಿಸಿದ ಪ್ರಾಸೆಸರನ್ನು ಬದಲಿಸಿದ ಮೇಲೆ ಯಂತ್ರವು ಏಳದೆ ಹೋಗುವುದುಂಟು. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ. ತೆರೆಯ ಮೇಲೆ ಮಾತ್ರ ಕತ್ತಲೆ. ಆಗ ನಾವು ಕೊಡುವ ತೀರ್ಪು ಒಂದೇ: ಕೊಂಡ ಪದಾರ್ಥ ಕೆಟ್ಟದ್ದು. ಈ ತೀರ್ಪು ಅವಸರದ್ದೆಂದೂ, ಅದಕ್ಕೆ ಕಾರಣವಾದ ತಿಳಿವಳಿಕೆಯ ಕೊರತೆಗೆ ಕೊಳ್ಳುವವನಿಗಿಂತ ತಯಾರಕನೇ ಹೆಚ್ಚಿನ ಹೊಣೆಗಾರನೆಂದೂ ನನ್ನ ಅಭಿಪ್ರಾಯ.

ಮದರ್‌ಬೋರ್ಡಿನ ಮೇಲೊಂದು ಪುಟ್ಟ ಚಿಪ್ಪಿನಲ್ಲಿ ಬಯಾಸ್ ಎಂಬ ಆದೇಶಗಳ ಕಟ್ಟು ಅಡಗಿದೆ. ಎದುರಿಗಿರುವ ಪ್ರಾಸೆಸರು ಯಾವುದೆಂದು ಗುರುತಿಸಿ, ರ‍್ಯಾಮನ್ನು ಸಜ್ಜುಗೊಳಿಸಿ, ಯಂತ್ರವನ್ನು ಎಬ್ಬಿಸುವ ಕೆಲಸ ಅದರದು. ಆ ಬರಹ ಸಿದ್ಧವಾದ ದಿನ ಹುಟ್ಟಿಯೇ ಇರದ ಪ್ರಾಸೆಸರಿನ ಪರಿಚಯ ಅದಕ್ಕೆ ಇರುವುದಾದರೂ ಹೇಗೆ?

ಎಎಂಡಿ ಸಂಸ್ಥೆ 2016ರಲ್ಲಿ ಹೊರತಂದ ಎಎಂ4 ಸಾಕೆಟ್ಟು ಇದಕ್ಕೆ ಒಳ್ಳೆಯ ನಿದರ್ಶನ. 2017ರ ಮೊದಲ ರೈಜನ್‌ನಿಂದ 2020ರ ನವೆಂಬರಿನಲ್ಲಿ ಬಂದ 5000ದ ಸರಣಿಯವರೆಗೂ ಅದೇ 1331 ಪಿನ್ನುಗಳು. ಆದರೆ ಪಿನ್ನು ಕೂಡಿದ ಮಾತ್ರಕ್ಕೆ ಮಾತು ಕೂಡುವುದಿಲ್ಲ. ಹೊಸ ಪ್ರಾಸೆಸರು ನಡೆಯಬೇಕಾದರೆ ಬಯಾಸನ್ನು ನವೀಕರಿಸಬೇಕು. ನವೀಕರಿಸಬೇಕಾದರೆ ಯಂತ್ರ ಏಳಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ ಇದೇ. ಈ ತೊಡಕನ್ನು ಬಿಡಿಸಲು 2018ರಲ್ಲಿ ಆ ಸಂಸ್ಥೆಯೇ ಕೆಲವು ಗ್ರಾಹಕರಿಗೆ ಹಳೆಯ ಜಾತಿಯ ಪ್ರಾಸೆಸರನ್ನು ಎರವಲು ಕೊಡಬೇಕಾಯಿತು.

ಆದುದರಿಂದ ವಿವೇಕಿಯು ಹಳೆಯ ಪ್ರಾಸೆಸರನ್ನು ಕೀಳುವ ಮೊದಲೇ ಬೋರ್ಡಿನ ತಯಾರಕರ ಪಟ್ಟಿಯನ್ನು ನೋಡಿ, ಬೇಕಾದ ಬಯಾಸನ್ನು ಏರಿಸಿಕೊಳ್ಳುತ್ತಾನೆ. ಬದಲಿಸಿಯಾದ ಮೇಲೆ ತೊಂದರೆ ಕಂಡರೆ ಪರೀಕ್ಷೆಗೊಂದು ಕ್ರಮವಿರಲಿ. ಪ್ರಾಸೆಸರಿಗೆಂದೇ ಇರುವ ವಿದ್ಯುತ್ತಿನ ತಂತಿ ಸರಿಯಾಗಿ ಕೂತಿದೆಯೆ? ಪಿನ್ನು ಬಾಗಿದೆಯೆ? ಒಂದೇ ರ‍್ಯಾಮಿನ ಪಟ್ಟಿಯಿಟ್ಟರೆ ಯಂತ್ರ ಏಳುತ್ತದೆಯೆ? ವಿದ್ಯುತ್ತನ್ನು ಕಡಿದು ನಾಣ್ಯದಂಥ ಬ್ಯಾಟರಿಯನ್ನು ಕೆಲಹೊತ್ತು ತೆಗೆದಿಟ್ಟರೆ ಹಳೆಯ ಏರ್ಪಾಡುಗಳು ಅಳಿಯುತ್ತವೆಯೆ? ಚಿತ್ರ ಮೂಡಿಸುವ ಶಕ್ತಿ ಹೊಸ ಪ್ರಾಸೆಸರಿಗೆ ಇದೆಯೆ? ರೈಜನ್ 5 5600ಕ್ಕೆ ಅದು ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದಿದ್ದರೆ ಯಂತ್ರ ಎಚ್ಚರವಾಗಿದ್ದೂ ತೆರೆ ಕುರುಡಾಗಿರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಕದಡಿದವನಿಗೆ ಯಂತ್ರ ಎದ್ದರೂ ಕಾರಣ ತಿಳಿಯದು.

ಹೊಸದನ್ನು ಬಯಸುವವನು ಬೋರ್ಡನ್ನೂ ಹೊಸದಾಗಿ ಕೊಳ್ಳಲಿ ಎಂದು ಹೇಳುವವರುಂಟು. ಕೇಳಲು ಸುಲಭವಾದ ಮಾತು. ಕಷ್ಟದಿಂದ ನಾಲ್ಕು ಕಾಸು ಕೂಡಿಟ್ಟ ವಿದ್ಯಾರ್ಥಿಗೆ ಅದು ಉತ್ತರವಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ತನ್ನ ಮುಂದಿನ ಪ್ರಾಸೆಸರುಗಳು 400ರ ಸರಣಿಯ ಬೋರ್ಡುಗಳಲ್ಲಿ ನಡೆಯವೆಂದು ಸಾರಿತು. ಬಯಾಸ್ ಚಿಪ್ಪಿನಲ್ಲಿ ಸ್ಥಳ ಸಾಲದೆಂಬುದು ಕಾರಣ. ಅನೇಕ ಬೋರ್ಡುಗಳಲ್ಲಿ ಅದು 16 ಮೆಗಾಬೈಟಿನದೇ ಆದ್ದರಿಂದ ಕಾರಣ ಸುಳ್ಳಲ್ಲ. ಆದರೂ ಗ್ರಾಹಕರ ಕೂಗೆದ್ದ ಮೇಲೆ ಅದೇ ತಿಂಗಳಲ್ಲಿ ಆ ನಿರ್ಧಾರ ಬದಲಾಯಿತು. 2022ರಲ್ಲಿ ಇನ್ನೂ ಹಳೆಯ 300ರ ಸರಣಿಗೂ ಬಾಗಿಲು ತೆರೆಯಿತು. ಯಂತ್ರದ ಮಿತಿಯೆಂದು ನಮಗೆ ಹೇಳಿದ್ದರಲ್ಲಿ ಮಾರುವವರ ಮನಸ್ಸಿನ ಮಿತಿಯೂ ಬೆರೆತಿತ್ತೆಂದು ಇದರಿಂದ ವ್ಯಕ್ತವಾಗುತ್ತದೆ.

ಕೊಳ್ಳುವವನು ಕೇಳಬೇಕಾದುದು ಹೆಚ್ಚಿನದೇನಲ್ಲ. ಯಾವ ಬೋರ್ಡಿಗೆ ಯಾವ ಬಯಾಸ್ ಬೇಕೆಂಬುದನ್ನು ಪ್ರಾಸೆಸರಿನ ಪೆಟ್ಟಿಗೆಯ ಮೇಲೆಯೇ ಸ್ಪಷ್ಟವಾಗಿ ತಿಳಿಸಲಿ. ಪ್ರಾಸೆಸರಿನ ನೆರವಿಲ್ಲದೆ ಪೆನ್‌ಡ್ರೈವಿನಿಂದಲೇ ಬಯಾಸನ್ನು ಬದಲಿಸುವ ಸೌಲಭ್ಯ ಈಗ ಹಲವು ಬೋರ್ಡುಗಳಲ್ಲಿದೆ. ಅಗ್ಗದ ಬೋರ್ಡುಗಳಲ್ಲಿಯೂ ಅದು ತಪ್ಪದೆ ಇರಲಿ. ಕೆಟ್ಟಿತೆಂದು ಬಿಸುಟ ಯಂತ್ರಗಳಲ್ಲಿ ನಿಜವಾಗಿ ಕೆಟ್ಟಿರದವೂ ಇರುತ್ತವೆ. ಅವುಗಳಿಗೆ ಬೇಕಾದುದು ಹೊಸದೊಂದು ಬರಹ; ಅದನ್ನು ಕೊಡುವುದು ಬರೆದವರ ಕರ್ತವ್ಯ, ಕೇಳಿ ಪಡೆಯುವುದು ನಮ್ಮ ಹಕ್ಕು.