ಶಾಲೆಯ ಬ್ಯಾಂಡಿಗೆ ಜಾಝ್ ಏಕೆ ಬೇಡ?



ಸ್ವಾತಂತ್ರ್ಯೋತ್ಸವದಂದು ಶಾಲೆಯ ಬ್ಯಾಂಡು ಮೊಳಗಿದಾಗ ಯಾರ ಎದೆ ತಾನೆ ಉಬ್ಬುವುದಿಲ್ಲ? ಹೆಜ್ಜೆಗೆ ಹೆಜ್ಜೆ ಕೂಡಿಸುವ ಆ ಶಿಸ್ತು ದೊಡ್ಡದು. ಆದರೆ ವರ್ಷವೆಲ್ಲ ಅವೇ ನಾಲ್ಕಾರು ಕವಾಯತಿನ ಮಟ್ಟುಗಳನ್ನು ಕಲಿಸಿದಂತೆಯೇ ನುಡಿಸಿದೊಡನೆ ಬ್ಯಾಂಡಿನ ಕೆಲಸ ಮುಗಿಯಿತೆ? ಮುಗಿಯಲಿಲ್ಲವೆಂದೂ, ಬ್ಯಾಂಡಿನ ಮಕ್ಕಳು ಜಾಝ್ ಸಂಗೀತವನ್ನೂ ಅಭ್ಯಸಿಸಬೇಕೆಂದೂ ನನ್ನ ಅಭಿಪ್ರಾಯ.

ಜಾಝ್ ಎಂದೊಡನೆ ಹೋಟೆಲು, ಕುಣಿತ, ಮದ್ಯಪಾನಗಳನ್ನು ನೆನೆದು ಮೂಗು ಮುರಿಯುವ ಹಿರಿಯರುಂಟು. ಅದರ ಹುಟ್ಟನ್ನು ಬಲ್ಲವರು ಹಾಗೆನ್ನಲಾರರು. ಗುಲಾಮಗಿರಿಯ ನೊಗ ಹೊತ್ತ ಆಫ್ರಿಕಾ ಮೂಲದ ಜನರ ಮಕ್ಕಳು, ಮೊಮ್ಮಕ್ಕಳು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, 20ನೆಯ ಶತಮಾನದ ಹೊಸ್ತಿಲಲ್ಲಿ ರೂಪಿಸಿದ ಸಂಗೀತವಿದು. ಅಲ್ಲಿಯ ಮೆರವಣಿಗೆಯ ಬ್ಯಾಂಡುಗಳೂ ಅದಕ್ಕೆ ತೊಟ್ಟಿಲಾದವು. ಆ ಊರಿನ ಬಡ ಬಾಲಕ ಲೂಯಿ ಆರ್ಮ್‌ಸ್ಟ್ರಾಂಗ್ 1913ರಲ್ಲಿ ಬಾಲಾಪರಾಧಿಗಳ ಆಶ್ರಮವೊಂದರ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಕಹಳೆಯನ್ನು ಕ್ರಮವಾಗಿ ಕಲಿತನು. ಜಾಝ್ ಲೋಕದ ಮಹಾವಾದಕನಾಗಿ 1964ರಲ್ಲಿ ನಮ್ಮ ಮುಂಬಯಿಗೂ ಬಂದು ನುಡಿಸಿದವನು ಆತನೇ.

ಜಾಝ್ ಎಂದರೆ ಸ್ವೇಚ್ಛೆಯಲ್ಲ. ಅದರ ಮೊದಲ ಪಾಠಗಳಲ್ಲೊಂದಾದ 'ಬ್ಲೂಸ್' ಎಂಬುದನ್ನೇ ನೋಡಿರಿ. ನಾಲ್ಕು ಎಣಿಕೆಯ 12 ಖಂಡಗಳು, ಎಂದರೆ 48 ಎಣಿಕೆಗಳು, ಅದರ ಒಂದು ಸುತ್ತು. ಷಡ್ಜ, ಮಧ್ಯಮ, ಪಂಚಮಗಳ ಮೇಲೆ ನಿಂತ ಮೂರು ಸ್ವರಗುಚ್ಛಗಳೇ ಅದಕ್ಕೆ ನೆಲೆ. ಉಳಿದವರು ಆ ಸುತ್ತನ್ನು ನಡೆಸುತ್ತಿರಲು, ಒಬ್ಬರು ತಮಗೆ ತೋಚಿದುದನ್ನು ಆ ಕ್ಷಣದಲ್ಲಿಯೇ ಕಟ್ಟಿ ನುಡಿಸಬೇಕು. ಮುಂದಿನವರು ಅದನ್ನಾಲಿಸಿ ಉತ್ತರ ಕೊಡಬೇಕು. ನಮ್ಮ ಗಾಯಕರು ತಾಳ ಬಿಡದೆ ಕಲ್ಪನಾಸ್ವರ ಹಾಡುವುದನ್ನು ಕೇಳಿದವರಿಗೆ ಇದು ತೀರ ಅಪರಿಚಿತವೇನೂ ಅಲ್ಲ.

ಇದರಿಂದ ನಮ್ಮ ಸಂಗೀತ ಕೆಡದೆ ಎಂಬ ಶಂಕೆಗೆ ಕದ್ರಿ ಗೋಪಾಲನಾಥರ ಬಾಳೇ ಉತ್ತರ. 2019ರಲ್ಲಿ ಕಾಲವಾದ ಈ ದಕ್ಷಿಣ ಕನ್ನಡದ ವಿದ್ವಾಂಸರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ನಾದಕ್ಕೆ ಮನಸೋತು, ಆ ಪರದೇಶದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. ಅವರ ರಾಗವೇನೂ ಕೆಡಲಿಲ್ಲ. ತನ್ನ ಮನೆಯನ್ನು ಬಲ್ಲವನಿಗೆ ನೆರೆಮನೆಯ ಭಯವೇಕೆ?

ಇದರಲ್ಲಿ ಸಂಗೀತಕ್ಕಿಂತ ಮಿಗಿಲಾದ ಲಾಭವೂ ಇದೆ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಇರುವ ಈ ನಗರದಲ್ಲಿ ನಿಮ್ಮಲ್ಲನೇಕರು ತಪ್ಪಾದೀತೆಂದು ಬಾಯಿ ತೆರೆಯಲು ಅಳುಕುತ್ತೀರಿ. ಗೈಡಿನ ಉತ್ತರವನ್ನು ಒಪ್ಪಿಸುವಿರಿ. ಸ್ವಂತದ ಮಾತನ್ನು ನುಂಗುವಿರಿ. ನಾಲ್ಕು ಖಂಡಗಳ ಕಾಲ ಸ್ವಂತದ್ದನ್ನು ನುಡಿಸಿ, ಮುಂದಿನ ನಾಲ್ಕರಲ್ಲಿ ಗೆಳೆಯನದನ್ನು ಕೇಳುವ ಮಗುವಿಗೆ ಆ ಅಳುಕು ಮೆಲ್ಲನೆ ಬಿಡುವುದು.

ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಬ್ಯಾಂಡಿನ ಕೊಳಲು, ಡ್ರಮ್ಮುಗಳು ಸಾಕು; ಸಂಗೀತದ ಕೊಠಡಿಯ ಹಾರ್ಮೋನಿಯಂ ಸ್ವರಗುಚ್ಛಗಳನ್ನು ನುಡಿಯಬಲ್ಲುದು. ವಾರಕ್ಕೊಂದು ಗಂಟೆಯನ್ನು ಅಧ್ಯಾಪಕರು ಕೊಡಲಿ. ಕವಾಯತು ಕಲಿಸಿದ ಶಿಸ್ತನ್ನು ಬಿಡದೆ, ನಿಮ್ಮದೇ ಆದ ಒಂದು ಸ್ವರವನ್ನು ಧೈರ್ಯವಾಗಿ ನುಡಿಸಿರಿ.