ಏರ್ ರೈಫಲ್‌ಗೆ ಗಾಳಿ, ಗಾಳಿಗೆ ಜರಡಿ

ಓದುಗರೊಬ್ಬರ ಪತ್ರ ಹೀಗಿದೆ: ‘ಮಗಳು ಒಂಬತ್ತನೇ ತರಗತಿ. ಶೂಟಿಂಗ್ ಕಲಿಯುತ್ತಿದ್ದಾಳೆ. ಸಾಲ ಮಾಡಿ ಏರ್ ರೈಫಲ್ ಕೊಡಿಸಿದ್ದೇವೆ. ಅದರ ಸಿಲಿಂಡರಿಗೆ ಗಾಳಿ ತುಂಬಿಸಲು ವಾರಕ್ಕೆರಡು ಸಲ ಪೇಟೆಗೆ ಓಡಬೇಕು. ಕಡಿಮೆ ಬೆಲೆಯ ಕಂಪ್ರೆಸರ್ ಸಿಗುತ್ತದಂತೆ, ಕೊಳ್ಳಬಹುದೇ? ಅಥವಾ ನಮ್ಮ ರಸ್ತೆಯ ಪಂಕ್ಚರ್ ಅಂಗಡಿಯ ಗಾಳಿಯೇ ಸಾಕಾಗುತ್ತದೆಯೇ?’

ಕೊನೆಯ ಪ್ರಶ್ನೆ ಕೇಳಿ ನಗಬೇಡಿ. ಗಾಳಿ ಎಂದರೆ ಗಾಳಿಯೇ ತಾನೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ 30–35 ಪೌಂಡ್, ಅಂದರೆ ಎರಡು ಬಾರ್‌ಗಿಂತ ತುಸು ಹೆಚ್ಚು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಹಳವೆಂದರೆ ಎಂಟೋ ಹತ್ತೋ ಬಾರ್ ಕೊಟ್ಟೀತು. ಸ್ಪರ್ಧೆಯ ಏರ್ ರೈಫಲ್‌ನ ಸಿಲಿಂಡರಿಗೆ ಬೇಕಾದದ್ದು 200 ಬಾರ್. ಅದನ್ನು ತುಂಬುವ ಯಂತ್ರಗಳು 300 ಬಾರ್‌ವರೆಗೂ ಹೋಗುತ್ತವೆ. 300 ಬಾರ್ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ, ಒಂದು ಚದರ ಸೆಂಟಿಮೀಟರ್ ಎನ್ನಿ, ಮೂರು ಕ್ವಿಂಟಲ್ ಭಾರ. ಐವತ್ತು ಕಿಲೋದ ಆರು ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ ಉಗುರಿನ ಮೇಲೆ ಇಟ್ಟಂತೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಈ ಒಂದು ಅಂಕಿಯಿಂದಲೇ ಹುಟ್ಟಿದವು.

ಈ ಪತ್ರಕ್ಕೆ ಉತ್ತರ ಬರೆಯಲು ಇನ್ನೊಂದು ಕಾರಣವೂ ಇದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದ ಮೇಲೆ ಈ ಆಟ ಸಾಮಾನ್ಯ ಮನೆಗಳಿಗೂ ಇಳಿದು ಬಂತು. 2023ರಲ್ಲಿ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಪಡೆದಾಗ ಆಕೆ ಇನ್ನೂ ಶಾಲೆಯ ವಯಸ್ಸಿನವಳು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಡುವವರಿಗೆ ಕೋವಿ ಹೊಸತಲ್ಲ. ಆದರೆ ಮಿಕ್ಕ ಕಡೆ ಮಕ್ಕಳ ಜೊತೆಗೆ ತಂದೆ ತಾಯಿಯೂ ಎಲ್ಲವನ್ನೂ ಮೊದಲಿಂದ ಕಲಿಯಬೇಕಾಗಿದೆ. ಹಾಗಾಗಿ ಅಂಗಡಿಯವನು ಹೇಳಿದ್ದೇ ವೇದ.

ಮೊದಲು ರೈಫಲ್‌ನ ಒಳಗೆ ನಡೆಯುವುದೇನು ನೋಡೋಣ. ಸಿಲಿಂಡರಿನ 200 ಬಾರ್ ಗಾಳಿ ನೇರವಾಗಿ ಗುಂಡಿನ ಹಿಂದೆ ಬರುವುದಿಲ್ಲ. ನಡುವೆ ರೆಗ್ಯುಲೇಟರ್ ಇದೆ. ನಮ್ಮ ಅಡುಗೆ ಗ್ಯಾಸಿನ ರೆಗ್ಯುಲೇಟರ್‌ನ ತಮ್ಮನೇ ಇದು, ಆದರೆ ಬಹಳ ನಾಜೂಕಿನವನು. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾಗುತ್ತ ಬಂದರೂ ಪ್ರತಿ ಗುಂಡಿನ ಹಿಂದೆ ಒಂದೇ ಒತ್ತಡ ಇರುವಂತೆ ನೋಡಿಕೊಳ್ಳುವುದು ಅವನ ಕೆಲಸ. ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೊರಡುತ್ತದೆ. ಅರ್ಧ ಎಂ ವಿ ವರ್ಗ ಎಂದು ಹತ್ತನೇ ತರಗತಿಯವರು ಲೆಕ್ಕ ಹಾಕಿದರೆ ಎಂಟು ಜೌಲ್‌ಗೆ ಹತ್ತಿರ ಬರುತ್ತದೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್! ರೆಗ್ಯುಲೇಟರಿನ ಒಳಗೆ ಒಂದು ಹನಿ ನೀರೋ ಎಣ್ಣೆಯ ಜಿಡ್ಡೋ ಕುಳಿತರೆ ಗುಂಡಿನ ವೇಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮಗು ತನ್ನ ಕೈ ನಡುಗಿತೆಂದು ಅಳುತ್ತದೆ. ತರಬೇತುದಾರರು ಉಸಿರಾಟ ಸರಿಪಡಿಸುತ್ತಾರೆ. ತಪ್ಪು ಮಾಡಿದ್ದು ಗಾಳಿ.

ಗಾಳಿಯಲ್ಲಿ ನೀರೆಲ್ಲಿಂದ ಬಂತು? 30 ಡಿಗ್ರಿ ಉಷ್ಣತೆಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಮಂಗಳೂರಿನಲ್ಲಿ ಶೇಕಡಾ 70ರಷ್ಟು ತೇವಾಂಶದ ದಿನ ಎಂದಿಟ್ಟುಕೊಳ್ಳಿ, 21 ಗ್ರಾಂ ಇದ್ದೇ ಇರುತ್ತದೆ. ರೈಫಲ್‌ನ ಸಿಲಿಂಡರಿನ ಗಾತ್ರ ಲೀಟರಿನ ಐದನೇ ಒಂದು ಭಾಗವೆಂದರೆ, 200 ಬಾರ್‌ಗೆ ತುಂಬಲು 40 ಲೀಟರ್ ಹೊರಗಾಳಿ ಬೇಕು. ಅದರಲ್ಲಿರುವ ನೀರು 0.84 ಗ್ರಾಂ. ಇಷ್ಟನ್ನೂ ಹಿಂಡಿ ಐದನೇ ಒಂದು ಲೀಟರಿಗೆ ತುರುಕಿದಾಗ, ಅಷ್ಟು ಜಾಗದಲ್ಲಿ ಆವಿಯಾಗಿ ಉಳಿಯಬಲ್ಲ ನೀರು 0.006 ಗ್ರಾಂ ಮಾತ್ರ. ಮಿಕ್ಕಿದ್ದು? ಒದ್ದೆ ಬಟ್ಟೆ ಹಿಂಡಿದಂತೆ ಇಳಿಯಲೇಬೇಕು. ಒಂದು ಸಲ ತುಂಬುವಾಗ ಹದಿನೈದು ಹದಿನಾರು ಹನಿ ನೀರು! ಬಳ್ಳಾರಿಯ ಬೇಸಿಗೆಯಲ್ಲಿ ಕಡಿಮೆ, ಮಡಿಕೇರಿಯ ಆಷಾಢದಲ್ಲಿ ಹವೆ ತಂಪಾಗಿದ್ದರೂ ಸದಾ ತೇವ. ಈ ಹನಿಗಳನ್ನು ರೈಫಲ್‌ಗೆ ಸೇರುವ ಮೊದಲೇ ಹಿಡಿಯುವುದಕ್ಕೆ ಫಿಲ್ಟರ್.

ಇನ್ನು ಬಿಸಿಯ ವಿಷಯ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಮಕ್ಕಳೆಲ್ಲ ಮುಟ್ಟಿ ನೋಡಿದ್ದೀರಿ. ಒಂದು ಬಾರ್ ಗಾಳಿಯನ್ನು ಒಂದೇ ಏಟಿಗೆ, ಬಿಸಿ ಹೊರಹೋಗದಂತೆ, 300 ಬಾರ್‌ಗೆ ಒತ್ತಿದರೆ ಲೆಕ್ಕದ ಪ್ರಕಾರ ಅದರ ಉಷ್ಣತೆ 1200 ಡಿಗ್ರಿ ದಾಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆ ಎಣ್ಣೆ ಹೊತ್ತಿಕೊಳ್ಳುವುದು ಇದೇ ತತ್ವದಿಂದ. ಅದಕ್ಕೇ ಈ ಕಂಪ್ರೆಸರುಗಳು ಹಂತ ಹಂತವಾಗಿ ಒತ್ತುತ್ತವೆ: ಒತ್ತು, ತಣಿಸು, ಮತ್ತೆ ಒತ್ತು. ಎರಡು ಸಮ ಹಂತವಾದರೆ ಪ್ರತಿ ಹಂತದಲ್ಲೂ ಸುಮಾರು 400 ಡಿಗ್ರಿ, ಮೂರಾದರೆ ಸುಮಾರು 240. ಲೋಹ ಒಂದಷ್ಟು ಬಿಸಿ ಹೀರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಅಗ್ಗದ ಯಂತ್ರಗಳು ಹೆಚ್ಚಾಗಿ ಎರಡೇ ಹಂತದವು. ಅವುಗಳ ಅಗ್ಗದ ಗುಟ್ಟೂ, ಬೇಗ ಕೆಡುವ ಗುಟ್ಟೂ ಇಲ್ಲೇ ಇದೆ.

ಕೊಳ್ಳುವ ಮಾತಿಗೆ ಬರೋಣ. ಒಬ್ಬಳೇ ಮಗಳು, ಒಂದೇ ರೈಫಲ್ ಇದ್ದರೆ ನಾನು ಮೊದಲು ಹೇಳುವುದು ಮೂರು ಹಂತದ ಕೈಪಂಪು. ನೋಡಲು ಸೈಕಲ್ ಪಂಪಿನ ಹಾಗೆಯೇ. ಸಿಲಿಂಡರ್ 100 ಬಾರ್‌ಗೆ ಇಳಿದಾಗ ಮತ್ತೆ 200ಕ್ಕೆ ಏರಿಸಲು ಬೇಕಾದದ್ದು 20 ಲೀಟರ್ ಹೊರಗಾಳಿ. ನೂರರ ಆಸುಪಾಸು ಸಲ ಒತ್ತಬೇಕಾದೀತು. ಅಪ್ಪನ ಹೊಟ್ಟೆಗೂ ಒಳ್ಳೆಯದು. 1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯ ಬಳಸಿದ ಜಿರಾಂಡೋನಿಯ ಗಾಳಿಕೋವಿಗೆ ಸುಮಾರು 1500 ಸಲ ಪಂಪು ಹೊಡೆಯಬೇಕಿತ್ತಂತೆ. ಆ ಸೈನಿಕರ ರಟ್ಟೆಯನ್ನು ನೆನೆದರೆ ನೂರು ಏನೂ ಅಲ್ಲ. ಒಂದು ಮಾತು: ಪಂಪು ಬಿಸಿಯಾದಾಗ ನಿಲ್ಲಿಸಿ, ತಣಿಯಲು ಬಿಡಿ.

ನಾಲ್ಕೈದು ಮಕ್ಕಳ ಪಾಲಕರು ಸೇರಿದರೆ ಕಂಪ್ರೆಸರ್ ಯೋಚಿಸಬಹುದು. ಮಾರುಕಟ್ಟೆಯಲ್ಲಿ ಎರಡು ಬಗೆ. ಕಾರಿನ ಬ್ಯಾಟರಿಯಿಂದಲೂ ನಡೆಯುವ, ಕೈಯಲ್ಲಿ ಹಿಡಿದೊಯ್ಯುವ ಸಣ್ಣದು ಒಂದು. ಇದು ರೈಫಲ್‌ನ ಪುಟ್ಟ ಸಿಲಿಂಡರಿಗೆ ಸರಿ. ಇದರಿಂದ ದೊಡ್ಡ ಸಿಲಿಂಡರ್ ತುಂಬಲು ಹೋದರೆ ಯಂತ್ರ ಸುಟ್ಟುಹೋಗುತ್ತದೆ. ಇನ್ನೊಂದು ಬಕೆಟ್ ನೀರಿನಲ್ಲಿ ಕೂಲರ್‌ನ ಪಂಪಿನಂಥ ಪುಟ್ಟ ಪಂಪು ಇಟ್ಟು ತಣಿಸುವ ಬಗೆ, ಸುಮಾರು 1800 ವಾಟಿನದು. ಇದಕ್ಕೆ ಎಂಟು ಆಂಪಿಯರ್ ವಿದ್ಯುತ್ ಬೇಕು, ಶುರುವಾಗುವಾಗ ಇನ್ನೂ ಹೆಚ್ಚು. ಫ್ಯಾನು, ದೀಪದ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡಿ, ಗೀಸರಿನ ದಪ್ಪ ಪ್ಲಗ್ಗೇ ಬೇಕು. ನೀರು, ಕರೆಂಟು ಎರಡೂ ಪಕ್ಕಪಕ್ಕದಲ್ಲಿರುವುದರಿಂದ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳಲಿ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ‘ಇದರ ಸೀಲು, ಓ-ರಿಂಗು, ತಾಮ್ರದ ಬಿಲ್ಲೆ ಬಿಡಿಯಾಗಿ ಸಿಗುತ್ತವೆಯೇ’ ಎಂದು ಕೇಳಿ. ತಲೆ ಕೆರೆದುಕೊಂಡರೆ ಮುಂದಿನ ಅಂಗಡಿಗೆ ನಡೆಯಿರಿ.

ಯಂತ್ರ 300 ಬಾರ್ ಕೊಡುತ್ತದೆಂದು 200ರ ಸಿಲಿಂಡರಿಗೆ 300 ತುಂಬುವವರಿದ್ದಾರೆ. ಎಂದಿಗೂ ಕೂಡದು. ತಾನೇ ನಿಲ್ಲುವ ವ್ಯವಸ್ಥೆಯಿದ್ದರೆ ಅದನ್ನು 200ಕ್ಕೆ ಹೊಂದಿಸಿ, ಆದರೂ ಪಕ್ಕದಲ್ಲೇ ನಿಂತಿರಿ. ಬಿಸಿಯಾಗಿದ್ದಾಗ 200 ತೋರಿಸಿದ ಮಾಪಕ ತಣಿದ ಮೇಲೆ 185ಕ್ಕೆ ಇಳಿದರೆ ಸೋರಿಕೆ ಎಂದು ಗಾಬರಿ ಬೇಡ. 50 ಡಿಗ್ರಿಯ ಗಾಳಿ 27ಕ್ಕೆ ಬಂದಾಗ ಅಷ್ಟು ಇಳಿಯುವುದು ನಿಯಮ.

ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಯಂತ್ರದ ಜೊತೆ ಬರುವ, ಒಳಗೆ ಚಿಟಿಕೆ ಹತ್ತಿಯಿರುವ ಫಿಲ್ಟರ್ ಹೆಸರಿಗೆ ಮಾತ್ರ. ಹೊರಗಿನಿಂದ ಇನ್ನೊಂದು ಹಾಕಬೇಕು, ಅದರ ಕೊಳವೆಯ ಮೇಲೆ ಎಷ್ಟು ಬಾರ್ ತಡೆಯುತ್ತದೆಂದು ಅಚ್ಚಾಗಿರಬೇಕು. ಒಳಗಿನ ಕ್ರಮ ಹೀಗಿರಲಿ: ಮೊದಲು ಹನಿ ಕೂರಲು ಖಾಲಿ ಜಾಗ, ಆಮೇಲೆ ಹತ್ತಿ, ಆಮೇಲೆ ನೀರು ಹೀರುವ ಹರಳು, ಕೊನೆಯಲ್ಲಿ ಎಣ್ಣೆಯ ಆವಿ ಹಿಡಿಯಲು ಸಕ್ರಿಯ ಇದ್ದಿಲು. ಇದ್ದಿಲು ಒದ್ದೆಯಾದರೆ ಎಣ್ಣೆ ಹಿಡಿಯುವ ಶಕ್ತಿ ಕುಗ್ಗುವುದರಿಂದಲೇ ಅದಕ್ಕೆ ಕೊನೆಯ ಸ್ಥಾನ. ಹರಳು ಎಂದರೆ ಹೊಸ ಷೂ ಡಬ್ಬಿಯ ಪೊಟ್ಟಣದಲ್ಲಿರುವ ಸಿಲಿಕಾ ಜೆಲ್ಲೇ. ಬಣ್ಣ ಬದಲಿಸುವ ಜಾತಿಯದು ಕೊಳ್ಳಿ. ನೀಲಿಯದು ಒದ್ದೆಯಾದರೆ ಗುಲಾಬಿ, ಕಿತ್ತಳೆಯದು ಹಸಿರು. ಸುಮಾರು 120 ಡಿಗ್ರಿಯಲ್ಲಿ ಹುರಿದರೆ ಮತ್ತೆ ಮೊದಲ ಬಣ್ಣ. ನೀಲಿ ಬಣ್ಣ ಕೋಬಾಲ್ಟ್ ಲವಣದ್ದು, ವಿಷ. ಅಡುಗೆಯ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಮಾಲಿಕ್ಯುಲರ್ ಸೀವ್ ಎಂಬ ಇನ್ನೊಂದು ಹರಳು ನೀರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದನ್ನು ಒಣಗಿಸಲು 250 ಡಿಗ್ರಿಗೂ ಮೀರಿದ ಶಾಖ ಬೇಕು, ಮನೆಯಲ್ಲಿ ಆಗದ ಕೆಲಸ.

ಒಂದು ಸೂಕ್ಷ್ಮ ಇದೆ. ಫಿಲ್ಟರಿನೊಳಗೆ ಒತ್ತಡ ಹೆಚ್ಚಿದ್ದಷ್ಟೂ ಗಾಳಿ ಕುಗ್ಗಿ ನಿಧಾನವಾಗಿ ಸಾಗುತ್ತದೆ, ನೀರೂ ಹನಿಯಾಗಿ ಬೇರ್ಪಡುತ್ತದೆ. ಸಿಲಿಂಡರ್ ಪೂರ್ತಿ ಖಾಲಿಯಾಗಿದ್ದರೆ ಮೊದಲ ಗಾಳಿ ಫಿಲ್ಟರಿನಲ್ಲಿ ನಿಲ್ಲದೆ ನುಗ್ಗಿ, ನೀರನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ 100 ಬಾರ್ ಉಳಿದಿರುವಾಗಲೇ ಮತ್ತೆ ತುಂಬಿ. ತುಂಬುವ ನಡುವೆ ಕೆಲವು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಕೆಳಗಿನ ತಿರುಪು ನಿಧಾನ ಸಡಿಲಿಸಿ ಕೊಳೆನೀರು ಹೊರಬಿಡಿ. ಹಾಲು ಹೆಚ್ಚಾದ ಕಾಫಿಯಂಥ ದ್ರವ ಬಂದರೆ ಅದರಲ್ಲಿ ಎಣ್ಣೆಯಿದೆ ಎಂದರ್ಥ. ಅದು ಮಿತಿಮೀರಿದರೆ ಪಿಸ್ಟನ್ ಸೀಲು ಸವೆದಿದೆ.

ರಿಪೇರಿಯಲ್ಲಿ ನೀವೇ ಮಾಡಬಹುದಾದದ್ದು ಸ್ವಲ್ಪವೇ: ಓ-ರಿಂಗ್ ಬದಲಿಸುವುದು, ಎಣ್ಣೆ ಬದಲಿಸುವುದು, ಸೋರಿಕೆ ಹುಡುಕುವುದು. ಸೋರಿಕೆಗೆ ಸೋಪಿನ ನೊರೆ ಹಚ್ಚಿ ನೋಡಿ, ಬೆರಳಿಟ್ಟು ನೋಡಬೇಡಿ. ಈ ಒತ್ತಡದ ಗಾಳಿ ಚರ್ಮವನ್ನು ತೂರಿ ಒಳಹೋಗಬಲ್ಲದು. ತಿರುಪು ಬಿಚ್ಚುವ ಮೊದಲು ಗಾಳಿಯನ್ನೆಲ್ಲ ಹೊರಬಿಡಿ. ಮಾಪಕ ಸೊನ್ನೆ ತೋರಿಸಿದರೂ ಮುಳ್ಳು ಸಿಕ್ಕಿಕೊಂಡಿರಬಹುದೆಂದು ಅನುಮಾನಿಸಿ. ಎಣ್ಣೆ ತಯಾರಕರು ಹೇಳಿದ್ದೇ ಆಗಬೇಕು. ಹೊಸ ಯಂತ್ರವನ್ನು ಒತ್ತಡವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ ಮೊದಲ ಎಣ್ಣೆ ಚೆಲ್ಲುವುದು ಒಳ್ಳೆಯ ಅಭ್ಯಾಸ, ಲೋಹದ ಪುಡಿ ಹೊರಹೋಗುತ್ತದೆ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಸ್ಕೂಟರಿನ ಗ್ರೀಸ್ ಬೇಡ.

ತಾಮ್ರದ ಬಿಲ್ಲೆಯ ಕತೆ ಬೇರೆ. ಒತ್ತಡ ಮಿತಿ ಮೀರಿದರೆ ಹರಿದು ಗಾಳಿಯನ್ನು ಹೊರಬಿಡುವ ಕಾವಲುಗಾರ ಅದು, ಕುಕ್ಕರಿನ ಸೇಫ್ಟಿ ವಾಲ್ವಿನ ಹಾಗೆ. ‘ಪದೇ ಪದೇ ಹರಿಯುತ್ತೆ ಸರ್’ ಎಂದು ಎರಡು ಬಿಲ್ಲೆ ಜೋಡಿಸಿ ಕೂರಿಸಿದ ಒಬ್ಬ ಮೆಕ್ಯಾನಿಕ್‌ನನ್ನು ಕಂಡಿದ್ದೇನೆ. ಬಿಲ್ಲೆ ಏಕೆ ಹರಿಯುತ್ತಿದೆ ಎಂದು ಕೇಳದೆ ಅದನ್ನೇ ಬಲಪಡಿಸಿದರೆ, ಮುಂದೆ ಹರಿಯುವುದು ಕೊಳವೆ ಅಥವಾ ಸಿಲಿಂಡರ್. ಕ್ಲಬ್ಬುಗಳಲ್ಲಿರುವ 6.8 ಲೀಟರಿನ 300 ಬಾರ್ ಸಿಲಿಂಡರ್ ಸಿಡಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕು ಲಕ್ಷ ಜೌಲ್‌ಗೆ ಕಡಿಮೆಯಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದ ಒಂದು ಟನ್ ಕಾರು ಗೋಡೆಗೆ ಗುದ್ದಿದಷ್ಟು. ಅರ್ಧ ಲೀಟರಿಗಿಂತ ದೊಡ್ಡ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಸಂಸ್ಥೆಯ ಒಪ್ಪಿಗೆ ಮತ್ತು ಕಾಲಕಾಲದ ಪರೀಕ್ಷೆಯ ಮುದ್ರೆ ಇಲ್ಲದ್ದನ್ನು ಮನೆಗೆ ತರಬೇಡಿ. ರೈಫಲ್‌ನ ಪುಟ್ಟ ಸಿಲಿಂಡರಿನ ಮೇಲೂ ತಯಾರಿಕೆಯ ದಿನಾಂಕವಿರುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಅದರ ಆಯುಸ್ಸು ಹೆಚ್ಚೆಂದರೆ ಹತ್ತು ವರ್ಷ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಬಣ್ಣ ನೋಡುವ ಮೊದಲು ಅದನ್ನು ಓದಿ.

ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರಿನಲ್ಲಿ 150 ಬಾರ್ ಸಿದ್ಧವಾಗಿ ಸಿಗುತ್ತದೆ, ಅದನ್ನೇ ತುಂಬಿದರಾಯಿತಲ್ಲ ಎಂಬ ಸಲಹೆ ಯಾರಾದರೂ ಕೊಟ್ಟಾರು. ಈ ಒಂದು ವಿಷಯದಲ್ಲಿ ನನ್ನ ದನಿ ಏರುತ್ತದೆ. ಶುದ್ಧ ಆಮ್ಲಜನಕ, ಭಾರೀ ಒತ್ತಡ, ಒಂದಿಷ್ಟು ಜಿಡ್ಡು ಈ ಮೂರೂ ಸೇರಿದರೆ ಬೆಂಕಿಕಡ್ಡಿ ಬೇಕಿಲ್ಲ. ಮಕ್ಕಳ ಕೆನ್ನೆ ಒರಗುವ ಜಾಗದಿಂದ ಒಂದು ಗೇಣಿನಲ್ಲಿ ಆ ಸಿಲಿಂಡರ್ ಇರುತ್ತದೆ. ರೈಫಲ್‌ಗೆ ಗಾಳಿಯಲ್ಲದೆ ಬೇರೇನನ್ನೂ ತುಂಬಬಾರದು.

ಪತ್ರ ಬರೆದ ಪಾಲಕರೇ, ಸದ್ಯಕ್ಕೆ ಕೈಪಂಪು ಮತ್ತು ಒಂದು ಒಳ್ಳೆಯ ಫಿಲ್ಟರ್ ಕೊಳ್ಳಿ. ಪಂಪು ಹೊಡೆಯುವುದು ನೀವು, ಮಾಪಕ ಓದುವುದು ಮಗಳು, ಇಬ್ಬರಿಗೂ ಕನ್ನಡಕ. ಊರಿನಲ್ಲಿ ಇನ್ನೂ ಮೂರು ಮಕ್ಕಳು ಶೂಟಿಂಗ್‌ಗೆ ಸೇರಿದ ದಿನ ಕಂಪ್ರೆಸರ್ ಮಾತು ಎತ್ತಿ.

ಪಿ.ಯು. ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಮೇಲೆ ಹೇಳಿದ ಮಂಗಳೂರಿನ ದಿನದಂದು 6.8 ಲೀಟರಿನ ಖಾಲಿ ಸಿಲಿಂಡರನ್ನು 300 ಬಾರ್‌ಗೆ ತುಂಬಿದರೆ ಫಿಲ್ಟರ್ ಹಿಡಿಯಬೇಕಾದ ನೀರು ಎಷ್ಟು ಗ್ರಾಂ? ಗಾಳಿ ಬಾಯ್ಲ್‌ನ ನಿಯಮವನ್ನು ಪಾಲಿಸುತ್ತದೆಂದೇ ಇಟ್ಟುಕೊಳ್ಳಿ. ಉತ್ತರ ಮುಂದಿನ ವಾರ.